ಬಾರ್ಬಡೋಸ್‌ನ ಐದು ಡಾಲರ್ ನೋಟು: ಫ್ರಾಂಕ್ ವೊರೆಲ್ ಮುಖವಿರುವ ನೋಟನ್ನು ಗುರುತಿಸಿ, ಪರೀಕ್ಷಿಸಿ, ಕಾಪಾಡುವ ಸಮಗ್ರ ಮಾರ್ಗದರ್ಶಿ

ಹಸಿರು ನೋಟು. 150 ಮಿಲಿಮೀಟರ್ ಉದ್ದ, 65 ಮಿಲಿಮೀಟರ್ ಅಗಲ. ಮುಂಬದಿಯ ಬಲಕ್ಕೆ ಒಬ್ಬ ಕ್ರಿಕೆಟ್ ನಾಯಕನ ಮುಖ. ಕೈಯಲ್ಲಿ ಬ್ಯಾಟಿಲ್ಲ, ತಲೆಯ ಮೇಲೆ ಟೋಪಿಯಿಲ್ಲ. ಅವರು ಸರ್ ಫ್ರಾಂಕ್ ವೊರೆಲ್. ಕೆರಿಬಿಯನ್ ನೋಟುಗಳನ್ನು ಕೂಡಿಹಾಕಲು ಹೊರಟ ಭಾರತೀಯರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ. ಬೆಲೆ ಕೈಗೆಟುಕುತ್ತದೆ, ನೋಟಿನ ಹಿಂದಿನ ಕಥೆ ನಮಗೂ ತಾಗುತ್ತದೆ, ಕಲಿಯುವುದಕ್ಕೂ ಬೇಕಾದಷ್ಟಿದೆ.

ಈ ನೋಟನ್ನು ‘ಒಂದು ಸಿಕ್ಕಿತು, ಮುಗಿಯಿತು’ ಎಂದು ಕೊಳ್ಳಬೇಡಿ. 1975ರಿಂದ ಇಂದಿನವರೆಗೆ ಮುಂಬದಿಯ ಮುಖ ಒಂದೇ, ಆದರೆ ಕೆಳಗಿನ ಸಹಿ ಮತ್ತೆ ಮತ್ತೆ ಬದಲಾಗಿದೆ, ಹಿಂಬದಿಯ ಚಿತ್ರ ಬದಲಾಗಿದೆ, ಕೊನೆಗೆ ಕಾಗದವೇ ಹೋಗಿ ಪ್ಲಾಸ್ಟಿಕ್ ಬಗೆಯ ಪಾಲಿಮರ್ ಬಂದಿದೆ. ಇದನ್ನು ಮಾಲೆಯಾಗಿ ಕೂಡಿಸಬೇಕು. ಸಹಿ ಓದಲು ಬಂದವರಿಗೆ ಈ ಮಾಲೆ ತಾನಾಗಿ ತೆರೆದುಕೊಳ್ಳುತ್ತದೆ. ಸಹಿ ಓದಲು ಬಾರದವರು ಒಂದೇ ನೋಟನ್ನು ಮೂರು ಬಾರಿ ಕೊಂಡು, ಬೇಕಾದ ನೋಟನ್ನು ಕೈಬಿಟ್ಟಿರುತ್ತಾರೆ.

ಮೊದಲು ಹಿನ್ನೆಲೆ

ಬಾರ್ಬಡೋಸ್ ಸ್ವತಂತ್ರವಾದದ್ದು 1966ರ ನವೆಂಬರ್ 30ರಂದು. ಆದರೆ ಸ್ವಂತ ನೋಟು ಬರಲು ಇನ್ನೂ ಏಳು ವರ್ಷ ಬೇಕಾಯಿತು. ಅಲ್ಲಿಯವರೆಗೆ ನೆರೆಯ ದ್ವೀಪಗಳೊಂದಿಗೆ ಹಂಚಿಕೊಂಡ ಪೂರ್ವ ಕೆರಿಬಿಯನ್ ಡಾಲರ್ ಚಲಾವಣೆಯಲ್ಲಿತ್ತು. 1972ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಬಾರ್ಬಡೋಸ್ ಸ್ಥಾಪನೆಯಾಯಿತು. 1973ರ ಡಿಸೆಂಬರ್ 3ರಂದು 1, 5, 10, 20 ಮತ್ತು 100 ಡಾಲರಿನ ನೋಟುಗಳು ಹೊರಬಂದವು.

ಹೊಸಬರು ಮೊದಲು ಎಡವುವುದು ಇಲ್ಲಿಯೇ. 1973ರ ಐದು ಡಾಲರಿನ ಮೇಲೆ ಇರುವುದು ವೊರೆಲ್ ಅಲ್ಲ, ಸ್ಯಾಮ್ಯುಯೆಲ್ ಜಾಕ್‌ಮನ್ ಪ್ರೆಸ್ಕಾಡ್. ಹತ್ತೊಂಬತ್ತನೇ ಶತಮಾನದ ಪತ್ರಿಕಾ ಸಂಪಾದಕ ಅವರು, ದ್ವೀಪದ ಶಾಸನಸಭೆಗೆ ಆಯ್ಕೆಯಾದ ಆಫ್ರಿಕನ್ ಮೂಲದ ಮೊದಲ ವ್ಯಕ್ತಿ. ಅದೇ ಸರಣಿಯಲ್ಲಿ 1 ಮತ್ತು 20 ಡಾಲರಿನ ಮೇಲೂ ಅವರದೇ ಮುಖವಿತ್ತು. ಮೂರು ಮೌಲ್ಯಕ್ಕೆ ಒಂದೇ ಮುಖವಾದರೆ ಸಂತೆಯಲ್ಲಿ ಕೈತಪ್ಪುವುದು ಸುಲಭ. 1975ರಲ್ಲಿ ಐದು ಡಾಲರಿಗೆ ವೊರೆಲ್ ಬಂದರು. ಜಗತ್ತಿನ ನೋಟುಗಳ ಕ್ಯಾಟಲಾಗು ಪ್ರತಿ ನೋಟಿಗೆ ಕೊಡುವ ಪಿಕ್ ಸಂಖ್ಯೆಯಲ್ಲಿ ಪ್ರೆಸ್ಕಾಡ್ ನೋಟು 31, ವೊರೆಲ್ ನೋಟು 32. ಮಾರುವವರು ‘ಬಾರ್ಬಡೋಸ್‌ನ ಮೊದಲ ಐದು ಡಾಲರ್, ವೊರೆಲ್ ಚಿತ್ರ, 1973’ ಎಂದು ಬರೆದಿದ್ದರೆ ಅವರಿಗೆ ನೋಟು ಗೊತ್ತಿಲ್ಲ ಎಂದೇ ಅರ್ಥ.

ವೊರೆಲ್ ಯಾಕೆ? 1924ರ ಆಗಸ್ಟ್ 1ರಂದು ಬಾರ್ಬಡೋಸ್‌ನಲ್ಲಿ ಹುಟ್ಟಿದವರು. ಒಂದಿಡೀ ಸರಣಿಗೆ ವೆಸ್ಟ್ ಇಂಡೀಸ್ ನಾಯಕತ್ವ ಪಡೆದ ಮೊದಲ ಕಪ್ಪು ಆಟಗಾರ. 1960–61ರ ಆಸ್ಟ್ರೇಲಿಯಾ ಪ್ರವಾಸ, ಬ್ರಿಸ್ಬೇನ್‌ನ ಟೈ ಆದ ಟೆಸ್ಟ್, ಇವು ಅವರ ನಾಯಕತ್ವದ ದಿನಗಳವು. 1964ರಲ್ಲಿ ನೈಟ್ ಪದವಿ ಬಂತು. 1967ರ ಮಾರ್ಚ್ 13ರಂದು, ಕೇವಲ 42ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ನಮಗೆ ಅವರು ಹತ್ತಿರವಾಗುವುದು ಬೇರೊಂದು ಕಾರಣಕ್ಕೆ. 1962ರ ಮಾರ್ಚ್‌ನಲ್ಲಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತದ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದು ತಲೆಬುರುಡೆ ಒಡೆಯಿತು. ಅವರಿಗೆ ರಕ್ತ ಕೊಟ್ಟವರಲ್ಲಿ ಎದುರಾಳಿ ನಾಯಕ ವೊರೆಲ್ ಒಬ್ಬರು. ಆ ಪ್ರವಾಸದ ತಂಡದಲ್ಲಿ ನಮ್ಮ ಎರಪಳ್ಳಿ ಪ್ರಸನ್ನ ಇದ್ದರು. ವೊರೆಲ್ ರಕ್ತ ಕೊಟ್ಟದ್ದರ ನೆನಪಿಗೆ ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರತಿವರ್ಷ ಫೆಬ್ರವರಿ 3ರಂದು ಫ್ರಾಂಕ್ ವೊರೆಲ್ ದಿನವೆಂದು ರಕ್ತದಾನ ಶಿಬಿರ ನಡೆಸುತ್ತಾ ಬಂದಿದೆ. ಐದು ಡಾಲರಿನ ಮುಖಬೆಲೆಯನ್ನು ಮೀರಿದ ಬೆಲೆ ಈ ನೋಟಿಗೆ ಬರುವುದು ಇಲ್ಲಿಂದ.

ಇನ್ನೊಂದು ಮಾತು. ಬಾರ್ಬಡೋಸ್ 1998ರಲ್ಲಿ ಹತ್ತು ಮಂದಿಯನ್ನು ರಾಷ್ಟ್ರವೀರರೆಂದು ಘೋಷಿಸಿತು. ಆ ಪಟ್ಟಿಯಲ್ಲಿ ಗ್ಯಾರಿ ಸೋಬರ್ಸ್ ಇದ್ದಾರೆ, ವೊರೆಲ್ ಇಲ್ಲ. ನೋಟಿನ ಮೇಲೆ ವೊರೆಲ್ ಇದ್ದಾರೆ, ಸೋಬರ್ಸ್ ಇಲ್ಲ. ‘ರಾಷ್ಟ್ರವೀರ ವೊರೆಲ್’ ಎಂದು ಆಲ್ಬಮ್ಮಿನ ಚೀಟಿಯಲ್ಲಿ ಬರೆಯಬೇಡಿ. ಆಡುಮಾತಿನಲ್ಲಿ ಸರಿ, ದಾಖಲೆಯಲ್ಲಿ ತಪ್ಪು.

ಹಂತ 1: ಹಿಂಬದಿ ತಿರುಗಿಸಿ ನೋಡಿ

ಸಹಿಗೆ ಹೋಗುವ ಮೊದಲು ನೋಟನ್ನು ಮಗುಚಿ. ಮೂರು ಗುಂಪು ಇಲ್ಲೇ ಬೇರೆಯಾಗುತ್ತದೆ.

ಹಿಂಬದಿಯಲ್ಲಿ ಬ್ರಿಜ್‌ಟೌನ್ ನಗರದ ಚೌಕದ ನೋಟವಿದ್ದರೆ ಅದು 1975ರಿಂದ 2013ರ ಹೊಸ ಸರಣಿಯವರೆಗಿನ ಕಾಗದದ ನೋಟು. ಆ ಕಾಲದಲ್ಲಿ ಎಲ್ಲ ಮೌಲ್ಯದ ನೋಟುಗಳ ಹಿಂಬದಿಗೂ ಇದೇ ಚಿತ್ರ. ಕ್ಯಾಟಲಾಗುಗಳು ಇದನ್ನು ಟ್ರಫಾಲ್ಗರ್ ಚೌಕ ಎನ್ನುತ್ತವೆ. 1999ರಲ್ಲಿ ಆ ಜಾಗಕ್ಕೆ ರಾಷ್ಟ್ರವೀರರ ಚೌಕವೆಂದು ಮರುನಾಮಕರಣವಾಯಿತು. ಅಲ್ಲಿ 1813ರಿಂದ ನಿಂತಿದ್ದ ಬ್ರಿಟಿಷ್ ನೌಕಾಪತಿ ನೆಲ್ಸನ್ ಪ್ರತಿಮೆ, ಅಂದರೆ ಲಂಡನ್ನಿನ ನೆಲ್ಸನ್ ಸ್ತಂಭಕ್ಕಿಂತಲೂ ಹಳೆಯದು, 2020ರ ನವೆಂಬರ್ 16ರಂದು ಕೆಳಗಿಳಿಯಿತು. ಮರುವರ್ಷ ದೇಶ ಗಣರಾಜ್ಯವಾಯಿತು. ಹಾಗಾಗಿ ಹಳೆಯ ವೊರೆಲ್ ನೋಟುಗಳ ಹಿಂಬದಿ ಈಗ ಇಲ್ಲದ ಹೆಸರಿನ ಒಂದು ಊರುಚೌಕದ ದಾಖಲೆ.

ಹಿಂಬದಿಯಲ್ಲಿ ಕ್ರಿಕೆಟ್ ಮೈದಾನವಿದ್ದು ಕಾಗದವಾಗಿದ್ದರೆ ಅದು 2013ರ ಸರಣಿ, ಅದೇ ವರ್ಷದ ಮೇ 2ರಂದು ಬಿಡುಗಡೆಯಾದದ್ದು. ಆ ಮೈದಾನ ತ್ರೀ ಡಬ್ಲ್ಯೂಸ್ ಓವಲ್, ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕೇವ್ ಹಿಲ್ ಆವರಣದಲ್ಲಿದೆ. ಮೂರು ‘ಡಬ್ಲ್ಯೂ’ ಅಂದರೆ ವೊರೆಲ್, ಎವರ್ಟನ್ ವೀಕ್ಸ್, ಕ್ಲೈಡ್ ವಾಲ್ಕಾಟ್. ಮೂವರೂ ಹುಟ್ಟಿದ್ದು ಹದಿನೆಂಟು ತಿಂಗಳ ಒಳಗೆ, ಅದೇ ಪುಟ್ಟ ದ್ವೀಪದಲ್ಲಿ. ಈ ಸರಣಿಯಲ್ಲಿ ಪ್ರತಿ ಮೌಲ್ಯಕ್ಕೂ ಬೇರೆ ಹಿಂಬದಿ ಬಂತು: 2 ಡಾಲರಿಗೆ ಮೋರ್ಗನ್ ಲೂಯಿಸ್ ಗಾಳಿಯಂತ್ರ, 20ಕ್ಕೆ ಸಂಸತ್ ಭವನ, 100ಕ್ಕೆ ವಿಮಾನ ನಿಲ್ದಾಣ. ಐದು ಡಾಲರಿಗೆ ಸಿಕ್ಕಿದ ಚಿತ್ರವೇ ಮುಂಬದಿಯೊಡನೆ ಚೆನ್ನಾಗಿ ಹೊಂದುತ್ತದೆ. ವೊರೆಲ್ ಅವರನ್ನು ಮಣ್ಣು ಮಾಡಿದ್ದು ಆ ಆವರಣದಲ್ಲೇ.

ಕ್ರಿಕೆಟ್ ಮೈದಾನವಿದ್ದು, ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ನುಣುಪಾಗಿ, ಪಾರದರ್ಶಕ ಕಿಟಕಿ ಇದ್ದರೆ ಅದು ಪಾಲಿಮರ್ ನೋಟು. ಡೆ ಲಾ ರೂ ಕಂಪನಿ ಮುದ್ರಿಸಿದ ಇವು 2022ರ ಡಿಸೆಂಬರ್‌ನಲ್ಲಿ ಚಲಾವಣೆಗೆ ಬಂದವು.

ಹಂತ 2: ಸಹಿ ಓದುವುದು

ಕೆಲಸದ ತಿರುಳು ಇದು. ಹಳೆಯ ವೊರೆಲ್ ನೋಟುಗಳಲ್ಲಿ ವರ್ಷ ಮುದ್ರಿತವಾಗಿಲ್ಲ. ಕ್ಯಾಟಲಾಗಿನಲ್ಲಿ ಕಂಸದೊಳಗೆ ಕೊಟ್ಟಿರುವ ವರ್ಷ ಸಂಪಾದಕರು ಹೊಂದಿಸಿದ್ದು, ನೋಟಿನ ಮೇಲೆ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ‘ಗವರ್ನರ್’ ಎಂಬ ಪದದ ಮೇಲಿರುವ ಸಹಿಯೇ ನಿಮ್ಮ ಪಂಚಾಂಗ.

ಅನುಕ್ರಮ ಹೀಗಿದೆ. ಸೆಂಟ್ರಲ್ ಬ್ಯಾಂಕಿನ ಮೊದಲ ಗವರ್ನರ್ ಕೋರ್ಟ್ನಿ ಬ್ಲ್ಯಾಕ್‌ಮನ್, 1972ರಿಂದ 1987. ನಂತರ ಕರ್ಲಿ ಕಿಂಗ್, 1992ರವರೆಗೆ. ಆಮೇಲೆ ಕ್ಯಾಲ್ವಿನ್ ಸ್ಪ್ರಿಂಗರ್, 1997ರವರೆಗೆ. ವಿನ್‌ಸ್ಟನ್ ಕಾಕ್ಸ್ 1997ರಿಂದ 1999. ಮೇರಿಯನ್ ವಿಲಿಯಮ್ಸ್ 1999ರಿಂದ 2009. ಡಿಲೈಲ್ ವೊರೆಲ್ 2009ರಿಂದ 2017. ಕ್ಲೆವಿಸ್ಟನ್ ಹೇನ್ಸ್ 2017ರಿಂದ 2023ರ ಆರಂಭದವರೆಗೆ. ಈಗ ಕೆವಿನ್ ಗ್ರೀನಿಡ್ಜ್.

ಕಾಕ್ಸ್ ಅಧಿಕಾರದಲ್ಲಿದ್ದದ್ದು ಕೇವಲ ಎರಡು ವರ್ಷದಷ್ಟು ಕಾಲ. ಕಡಿಮೆ ಕಾಲದ ಸಹಿ ಎಂದಾಗ ಕಿವಿ ನಿಮಿರಿಸಬೇಕು. ಅಂಥ ನೋಟು ಒಳ್ಳೆಯ ಸ್ಥಿತಿಯಲ್ಲಿ ಕಂಡರೆ ‘ಮುಂದಿನ ಸಲ ನೋಡೋಣ’ ಎನ್ನಬೇಡಿ. ಬ್ಲ್ಯಾಕ್‌ಮನ್ ಕಾಲ ದೀರ್ಘವಾದರೂ ಮಡಿಕೆಯಿಲ್ಲದ 1975ರ ನೋಟು ಸಿಗುವುದು ಬೇರೆ ವಿಷಯ. ಐದು ಡಾಲರ್ ಅಂದರೆ ದಿನಬಳಕೆಯ ನೋಟು, ಜನ ಎತ್ತಿಡಲಿಲ್ಲ, ಖರ್ಚು ಮಾಡಿದರು.

ಡಿಲೈಲ್ ವೊರೆಲ್ ಕಾಲದ ನೋಟನ್ನು ಹತ್ತಿರದಿಂದ ನೋಡಿ. ಬಲಕ್ಕೆ ಫ್ರಾಂಕ್ ವೊರೆಲ್ ಮುಖ, ಅದೇ ನೋಟಿನ ಮೇಲೆ ‘ವೊರೆಲ್’ ಎಂಬ ಸಹಿ. ಇದು ಗವರ್ನರ್ ಸಹಿ, ಕ್ರಿಕೆಟಿಗನದ್ದಲ್ಲ. ‘ಆಟಗಾರನ ಮುದ್ರಿತ ಹಸ್ತಾಕ್ಷರವಿರುವ ವಿಶೇಷ ನೋಟು’ ಎಂದು ಯಾರಾದರೂ ಹೆಚ್ಚಿಗೆ ಕೇಳಿದರೆ ನಂಬಬೇಡಿ. ಮಾಲೆಯಲ್ಲಿ ಈ ನೋಟು ಇರಲೇಬೇಕು, ಆದರೆ ಆ ಕಾರಣಕ್ಕೆ ಹೆಚ್ಚಿನ ದುಡ್ಡು ಕೊಡುವಂಥದ್ದೇನೂ ಇಲ್ಲ.

ಸಹಿ ಗುರುತಿಸುವಾಗ ಅಕ್ಷರ ಓದಲು ಹೋಗಬೇಡಿ, ಆಕಾರ ನೋಡಿ. ಆರಂಭದ ಸುಳಿ ಎಲ್ಲಿದೆ, ಕೊನೆಯ ಗೆರೆ ಮೇಲಕ್ಕೋ ಕೆಳಕ್ಕೋ, ಒಟ್ಟು ಉದ್ದ ಎಷ್ಟು ಎಂಬುದನ್ನು ಕ್ಯಾಟಲಾಗಿನ ಸಹಿಪಟ್ಟಿಯ ಪಕ್ಕ ಇಟ್ಟು ಹೋಲಿಸಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಸಹಿಯ ಭಾಗವನ್ನು ಮಾತ್ರ ದೊಡ್ಡದಾಗಿ ಫೋಟೊ ತೆಗೆದು ಕಳಿಸಲು ಕೇಳಿ. ಆ ಫೋಟೊ ಕಳಿಸದವರ ಹತ್ತಿರ ಬಹುತೇಕ ಆ ನೋಟೇ ಇರುವುದಿಲ್ಲ, ಬೇರೆಲ್ಲಿಂದಲೋ ತೆಗೆದ ಚಿತ್ರ ಇರುತ್ತದೆ.

ಹಂತ 3: ವಿನ್ಯಾಸವನ್ನು ಭೂತಗನ್ನಡಿಯಲ್ಲಿ ಓದಿ

ಹತ್ತು ಪಟ್ಟು ದೊಡ್ಡದಾಗಿಸುವ ಮಸೂರ, ಸಣ್ಣ ಎಲ್‌ಇಡಿ ಟಾರ್ಚ್, ಮಿಲಿಮೀಟರ್ ಗುರುತಿರುವ ಉಕ್ಕಿನ ಅಳತೆಪಟ್ಟಿ, 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚ್. ಸಲಕರಣೆ ಇಷ್ಟು ಸಾಕು. ಕೈ ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಹತ್ತಿಯ ಕೈಗವಸು ಬೇಡ, ಬೆರಳ ಹಿಡಿತ ತಪ್ಪಿ ಮೂಲೆ ಮಡಚುತ್ತದೆ. ನೋಟನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಕಾಗದದ ನೋಟಿನಲ್ಲಿ ಮೊದಲು ವೊರೆಲ್ ಮುಖ. ಮಸೂರದಡಿ ಕೆನ್ನೆಯ ನೆರಳು ಸಣ್ಣಸಣ್ಣ ಗೆರೆಗಳಿಂದ ಆಗಿರಬೇಕು. ಗೆರೆಗಳು ಬಾಗಿ, ದಪ್ಪವಾಗಿ, ಮತ್ತೆ ತೆಳುವಾಗಿ ಮುಖದ ಉಬ್ಬುತಗ್ಗನ್ನು ಹಿಂಬಾಲಿಸುತ್ತವೆ. ಇದು ಲೋಹದ ಪಟದಲ್ಲಿ ಕೆತ್ತಿ ಒತ್ತುವ ಉಬ್ಬು ಮುದ್ರಣದ ಗುಣ. ಗೆರೆಯ ಬದಲು ಬಣ್ಣದ ಚುಕ್ಕಿಗಳ ರಾಶಿ ಕಂಡರೆ ಅದು ಸ್ಕ್ಯಾನ್ ಮಾಡಿ ಮುದ್ರಿಸಿದ ಪ್ರತಿ. ಮಸೂರ ತೆಗೆದು ಉಗುರಿನ ತುದಿಯನ್ನು ಬಹಳ ಹಗುರವಾಗಿ ಆಡಿಸಿದರೆ ಮುಖದ ಕಡು ಹಸಿರು ಭಾಗ ತರಿತರಿಯಾಗಿ ಸಿಗಬೇಕು.

ಆಮೇಲೆ ರಾಜಲಾಂಛನ. ಹೊಸಬರು ಇದನ್ನು ಸುಮ್ಮನೆ ದಾಟಿಹೋಗುತ್ತಾರೆ. ಗುರಾಣಿಯ ಮಧ್ಯೆ ಗಡ್ಡದ ಅಂಜೂರದ ಮರವಿದೆ. ಆಲದ ಬಿಳಲಿನಂತೆ ಬೇರು ಇಳಿಬಿಡುವ ಈ ಮರಗಳಿಂದಲೇ ದ್ವೀಪಕ್ಕೆ ‘ಗಡ್ಡದವು’ ಎಂಬ ಅರ್ಥದ ಹೆಸರು ಬಂತು ಎಂಬುದು ರೂಢಿಯಲ್ಲಿರುವ ವಿವರಣೆ. ಗುರಾಣಿಯ ಮೇಲ್ಭಾಗದ ಎರಡು ಮೂಲೆಯಲ್ಲಿ ಎರಡು ಹೂವು. ಅದು ಬಾರ್ಬಡೋಸ್‌ನ ರಾಷ್ಟ್ರೀಯ ಹೂ, ನಮ್ಮ ಅಂಗಳಗಳಲ್ಲಿ ಬೇಲಿಗೆ ಹಾಕುವ ರತ್ನಗಂಧಿಯೇ. ಒಂದು ಬದಿಗೆ ಡಾಲ್ಫಿನ್, ಇನ್ನೊಂದು ಬದಿಗೆ ಪೆಲಿಕನ್. ಮೇಲೆ ಒಂದು ಮುಷ್ಟಿ ಎರಡು ಕಬ್ಬಿನ ಜಲ್ಲೆಗಳನ್ನು ಅಡ್ಡಡ್ಡ ಹಿಡಿದಿದೆ. ಶತಮಾನಗಳ ಕಾಲ ಈ ದ್ವೀಪದ ಬದುಕು ಕಬ್ಬಿನ ಸುತ್ತ, ಅದಕ್ಕಾಗಿ ತಂದ ಗುಲಾಮರ ದುಡಿಮೆಯ ಸುತ್ತ ಸುತ್ತಿತು. ಕೆಳಗಿನ ಪಟ್ಟಿಯಲ್ಲಿ ‘ಹೆಮ್ಮೆ ಮತ್ತು ದುಡಿಮೆ’ ಎಂಬ ಅರ್ಥದ ಧ್ಯೇಯವಾಕ್ಯ. ಪರೀಕ್ಷೆಗೂ ಲಾಂಛನ ಉಪಯುಕ್ತ: ಅಸಲಿಯಲ್ಲಿ ಕಬ್ಬಿನ ಗಿಣ್ಣುಗಳು ಸ್ಪಷ್ಟ, ಕಳಪೆ ಪ್ರತಿಯಲ್ಲಿ ಅವು ಕಲಸಿ ಒಂದೇ ಮಚ್ಚೆಯಾಗುತ್ತವೆ.

ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕ್ ಕಾಣಬೇಕು. ಆರಂಭದ ಸರಣಿಗಳಲ್ಲಿ ಅದು ಬಾರ್ಬಡೋಸ್ ನಕ್ಷೆ. ಅಸಲಿ ವಾಟರ್‌ಮಾರ್ಕ್ ಕಾಗದದ ದಪ್ಪ–ತೆಳುವಿನಿಂದ ಆದದ್ದು, ಅಂಚುಗಳು ಮೆಲ್ಲಗೆ ಕರಗುತ್ತವೆ. ಅಂಚು ಕತ್ತರಿಸಿದಂತಿದ್ದು, ಬೆಳಕಿಲ್ಲದೆಯೂ ಬೂದುಬಣ್ಣದಲ್ಲಿ ಕಂಡರೆ ಅದು ಮೇಲೆ ಮುದ್ರಿಸಿದ್ದು.

ಅತಿನೇರಳೆ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಹಿಡಿಯಿರಿ. ನೋಟಿನ ಹತ್ತಿ ಕಾಗದ ಮಂಕಾಗಿಯೇ ಉಳಿಯಬೇಕು. ಇಡೀ ನೋಟು ನೀಲಿಬಿಳುಪಾಗಿ ಹೊಳೆದರೆ ಎರಡು ಸಾಧ್ಯತೆ: ಒಂದು, ಸಾಮಾನ್ಯ ಕಾಗದದ ನಕಲು. ಎರಡು, ಅಸಲಿ ನೋಟನ್ನೇ ಬಟ್ಟೆ ಸೋಪಿನಲ್ಲಿ ತೊಳೆದಿದ್ದಾರೆ, ಸೋಪಿನ ಹೊಳಪುಕಾರಕ ಕಾಗದಕ್ಕೆ ಇಳಿದಿದೆ. ಎರಡನೆಯದೇ ಸಂಗ್ರಹಕಾರರಿಗೆ ಹೆಚ್ಚು ಎದುರಾಗುವ ತೊಂದರೆ. ಐದು ಡಾಲರಿನ ನಕಲಿಗಿಂತ ತಿದ್ದಿದ ಅಸಲಿಯ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ಹಂತ 4: ತಿದ್ದಿದ ನೋಟನ್ನು ಹಿಡಿಯುವುದು

ನೋಟನ್ನು ಕಪ್ಪು ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಡಿ. ಕೋಣೆಯ ದೀಪ ಆರಿಸಿ. ಟಾರ್ಚನ್ನು ಮೇಲಿಂದ ಬಿಡದೆ, ಮೇಜಿಗೆ ಬಹುತೇಕ ಸಮಾನಾಂತರವಾಗಿ, 15–20 ಡಿಗ್ರಿ ಓರೆಯಲ್ಲಿ ಬಿಡಿ. ಮೊದಲು ಎಡದಿಂದ, ನಂತರ ಮೇಲಿನಿಂದ, ಆಮೇಲೆ ಮಗುಚಿ ಮತ್ತೆ ಹಾಗೆಯೇ. ಕಣ್ಣಿಗೆ ಹೊಸದಾಗಿ ಕಂಡ ನೋಟಿನಲ್ಲಿ ಮಧ್ಯದ ಮಡಿಕೆ ಆಗ ದಾರದಂತೆ ಎದ್ದು ಕಾಣುತ್ತದೆ. ಇಸ್ತ್ರಿ ಹಾಕಿದ ಅಥವಾ ಒತ್ತಿಟ್ಟ ನೋಟಿನಲ್ಲಿ ಮಡಿಕೆಯ ಉಬ್ಬು ಹೋದರೂ ಅಲ್ಲಿ ನಾರು ಮುರಿದ ಗೆರೆ ಉಳಿದಿರುತ್ತದೆ, ಮುಖದ ಉಬ್ಬು ಮುದ್ರಣವೂ ಸಪಾಟಾಗಿರುತ್ತದೆ. ‘ಮಡಿಕೆಯಿಲ್ಲ, ಆದರೆ ತರಿಯೂ ಇಲ್ಲ’ ಎಂದಾದರೆ ಅದು ಒತ್ತಿದ ನೋಟು.

ನಂತರ ಅಳತೆ. 65 ಮಿಲಿಮೀಟರ್ ಇರಬೇಕಾದ ಕಡೆ 63 ಬಂದರೆ ಸವೆದ ಅಂಚನ್ನು ಕತ್ತರಿಸಿ ಚೂಪು ಮಾಡಿದ್ದಾರೆ. ನಾಲ್ಕೂ ಬದಿಯ ಬಿಳಿ ಅಂಚು ಸಮವಿಲ್ಲದಿದ್ದರೆ ಅದು ಮುದ್ರಣದ ಓರೆಯೂ ಇರಬಹುದು. ಹಾಗಾಗಿ ಅಂಚಿನ ಸಮತೆಗಿಂತ ಒಟ್ಟು ಅಳತೆಯನ್ನು ನಂಬಿ.

ನೋಟನ್ನು ಕಿಟಕಿಗೆ ಹಿಡಿದು ಸೂಜಿರಂಧ್ರ ಹುಡುಕಿ. ಭಾರತದ ಹಳೆಯ ನೋಟುಗಳಲ್ಲಿ ಸ್ಟೇಪಲ್ ತೂತು ಸಾಮಾನ್ಯವಾಗಿ ಇರುತ್ತಿದ್ದುದರಿಂದ ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿದೆ, ನೋಡಿಯೂ ನೋಡದಂತೆ ಬಿಡುತ್ತೇವೆ. ವಿದೇಶಿ ನೋಟಿನಲ್ಲಿ ಆ ರಿಯಾಯಿತಿ ಕೊಡಬೇಡಿ. ಹಿಂಬದಿಯಲ್ಲಿ ಆಲ್ಬಮ್ಮಿನ ಅಂಟು ಕಿತ್ತ ಕಡೆ ಕಾಗದ ತೆಳುವಾಗಿರುತ್ತದೆ, ಬೆಳಕಿಗೆ ಹಿಡಿದರೆ ಮಾತ್ರ ಗೊತ್ತಾಗುತ್ತದೆ.

ಹಂತ 5: ಗ್ರೇಡ್ ಕಟ್ಟುವುದು

ಗ್ರೇಡ್ ಅಂದರೆ ನೋಟಿನ ಸ್ಥಿತಿಯ ಮಟ್ಟ. ಅಂತರರಾಷ್ಟ್ರೀಯವಾಗಿ ಒಪ್ಪಿದ ಮಟ್ಟಗಳಲ್ಲಿ ಯುಎನ್‌ಸಿ ಅಂದರೆ ಒಂದೂ ಮಡಿಕೆ, ಕಲೆ, ಮೊಂಡು ಮೂಲೆ ಇಲ್ಲದ್ದು. ಎಯು ಅಂದರೆ ಮಧ್ಯೆ ಒಂದು ಹಗುರ ಮಡಿಕೆ ಅಥವಾ ಬ್ಯಾಂಕಿನಲ್ಲಿ ಎಣಿಸಿದ ಗುರುತು, ಎರಡೂ ಒಟ್ಟಿಗೆ ಇರಬಾರದು. ಇಎಫ್ ಅಂದರೆ ಮೂರು ಹಗುರ ಮಡಿಕೆ ಅಥವಾ ಒಂದು ಬಲವಾದ ಮಡಿಕೆಯವರೆಗೆ. ವಿಎಫ್‌ನಲ್ಲಿ ಮಡಿಕೆ ಹಲವು, ಆದರೂ ಕಾಗದದಲ್ಲಿ ಇನ್ನೂ ಗರಿಗರಿತನ ಇದೆ. ಅದಕ್ಕಿಂತ ಕೆಳಗಿನದು ವೊರೆಲ್ ಮಾಲೆಗೆ ಬೇಡ, 1975ರ ನೋಟೊಂದರ ಹೊರತು.

ಮಾರುವವರು ಹೆಚ್ಚಾಗಿ ಎಳೆದಾಡುವುದು ಎಯು ಮತ್ತು ಯುಎನ್‌ಸಿ ನಡುವಿನ ಗೆರೆಯಲ್ಲಿ. ಎಣಿಕೆಯ ಗುರುತು ಎಂದರೆ ಕಟ್ಟನ್ನು ಬೆರಳಿನಿಂದ ಸರಿಸುವಾಗ ಒಂದು ಮೂಲೆಗೆ ಬೀಳುವ ಓರೆಯಾದ ಸಣ್ಣ ಬಾಗು. ಓರೆಬೆಳಕಿನಲ್ಲಿ ಮಾತ್ರ ಕಾಣುತ್ತದೆ. ಅದಿದ್ದರೆ ಯುಎನ್‌ಸಿ ಬೆಲೆ ಕೊಡಬೇಡಿ.

ಎಪ್ಪತ್ತು ಅಂಕದ ಮಾಪನದಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿ ಪ್ರಮಾಣೀಕರಿಸುವ ಕಂಪನಿಗಳಿವೆ. ಈ ನೋಟಿಗೆ ಅದರ ಅಗತ್ಯ ಬಹಳ ಸಲ ಇಲ್ಲ. 2013ರ ಅಥವಾ ಪಾಲಿಮರ್ ನೋಟನ್ನು ಪ್ರಮಾಣೀಕರಿಸುವ ಖರ್ಚು ನೋಟಿಗಿಂತ ಹೆಚ್ಚಾಗುತ್ತದೆ. 1975ರ ಯುಎನ್‌ಸಿ ನೋಟು, ಅಥವಾ ಬದಲಿ ನೋಟು ಎಂದು ಖಚಿತವಾದದ್ದು, ಇವುಗಳಿಗಷ್ಟೇ ಯೋಚಿಸಿ.

ಬದಲಿ ನೋಟು ಅಂದರೆ ಮುದ್ರಣದಲ್ಲಿ ಕೆಟ್ಟ ಹಾಳೆಯ ಜಾಗಕ್ಕೆ ಸೇರಿಸುವ ನೋಟು. ಡೆ ಲಾ ರೂ ಮುದ್ರಿಸಿದ ಹಲವು ದೇಶಗಳ ನೋಟುಗಳಲ್ಲಿ ಇದರ ಕ್ರಮಸಂಖ್ಯೆ ‘ಝಡ್’ ಅಕ್ಷರದಿಂದ ಶುರುವಾಗುತ್ತದೆ. ಅಕ್ಷರ ಕಂಡ ಕೂಡಲೇ ದುಡ್ಡು ಕೊಡದೆ ಆಯಾ ಸರಣಿಯ ಕ್ಯಾಟಲಾಗ್ ನಮೂದಿನಲ್ಲಿ ಖಚಿತಪಡಿಸಿಕೊಳ್ಳಿ. ‘ಸ್ಪೆಸಿಮನ್’ ಎಂದು ಮುದ್ರೆಯಿದ್ದು ಕ್ರಮಸಂಖ್ಯೆಯ ಮುಂದೆ ಮಾಲ್ಟೀಸ್ ಶಿಲುಬೆಯ ಗುರುತಿದ್ದರೆ ಅದು 1970ರ ದಶಕದ ಕೊನೆಯಲ್ಲಿ ಫ್ರಾಂಕ್ಲಿನ್ ಮಿಂಟ್ ಸಂಗ್ರಹಕಾರರಿಗೆಂದೇ ಮಾರಿದ ಬಗೆಯದು. ಚೆಂದದ ವಸ್ತು. ಆದರೆ ಬ್ಯಾಂಕಿನ ಒಳಬಳಕೆಯ ಮಾದರಿ ನೋಟಿನ ಬೆಲೆ ಅದಕ್ಕಿಲ್ಲ.

ಹಂತ 6: ಬೆಲೆಯ ತಳ ತಿಳಿದು ಕೊಳ್ಳುವುದು

1975ರ ಜುಲೈನಿಂದ ಬಾರ್ಬಡೋಸ್‌ನ 2 ಡಾಲರ್ ಅಮೆರಿಕದ 1 ಡಾಲರಿಗೆ ಸಮ. ಅಂದಿನಿಂದ ಆ ದರ ಬದಲಾಗಿಲ್ಲ. ಆದ್ದರಿಂದ ಐದು ಡಾಲರಿನ ಮುಖಬೆಲೆ ಎಂದಿಗೂ ಅಮೆರಿಕದ ಎರಡೂವರೆ ಡಾಲರ್. ಆ ದಿನದ ರೂಪಾಯಿ ದರಕ್ಕೆ ಗುಣಿಸಿದರೆ ನಿಮ್ಮ ತಳಬೆಲೆ ಸಿಗುತ್ತದೆ. ಈಗ ಚಲಾವಣೆಯಲ್ಲಿರುವ ಪಾಲಿಮರ್ ನೋಟಿಗೆ ತಳಬೆಲೆಯ ಮೇಲೆ ಅಂಚೆ ಖರ್ಚು ಮತ್ತು ವ್ಯಾಪಾರಿಯ ನ್ಯಾಯವಾದ ಲಾಭ ಸೇರಿಸಿ, ಅದಕ್ಕಿಂತ ಬಹಳ ಮೇಲೆ ಹೋದರೆ ಬಿಟ್ಟುಬಿಡಿ. ‘ಅಪರೂಪ’ ಎಂಬ ಪದ ಅದಕ್ಕೆ ಇನ್ನೂ ಸಲ್ಲದು.

ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಪಾಲಿಮರ್ ಮತ್ತು 2013ರ ಕಾಗದ, ಎರಡೂ ಯುಎನ್‌ಸಿ. ಇವು ಕೈಯಲ್ಲಿದ್ದರೆ ಅಸಲಿಯ ಸ್ಪರ್ಶ ಹೇಗಿರುತ್ತದೆಂದು ಬೆರಳಿಗೆ ಗೊತ್ತಾಗುತ್ತದೆ. ನಂತರ ಮೇರಿಯನ್ ವಿಲಿಯಮ್ಸ್ ಸಹಿಯದು, ಚೌಕದ ಹಿಂಬದಿಯೊಡನೆ. ಆಮೇಲೆ ಸ್ಪ್ರಿಂಗರ್, ಕಿಂಗ್, ಕಾಕ್ಸ್. ಬ್ಲ್ಯಾಕ್‌ಮನ್ ಸಹಿಯ 1975ರ ನೋಟು ಕೊನೆಗೆ, ಕಣ್ಣು ಪಳಗಿದ ಮೇಲೆ. ಪ್ರೆಸ್ಕಾಡ್ ನೋಟನ್ನು ಮಾಲೆಯ ಮುನ್ನುಡಿಯಾಗಿ ಇಡಬಹುದು. ಅದಿದ್ದರೆ ‘ಮುಖ ಬದಲಾದದ್ದು ಯಾವಾಗ’ ಎಂಬುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ.

ಬೆಂಗಳೂರಿನಲ್ಲಿ ನಡೆಯುವ ನಾಣ್ಯ–ನೋಟು ಮೇಳಗಳಲ್ಲಿ ನೋಟನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು, ಹೊಸಬರಿಗೆ ಅದೇ ಒಳ್ಳೆಯದು. ಟೊರಾಂಟೊ, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಬಾರ್ಬಡೋಸ್ ಮೂಲದವರು ಬಹಳ ಮಂದಿ ಇರುವುದರಿಂದ ಅಲ್ಲಿರುವ ಕನ್ನಡಿಗರಿಗೆ ಹಳೆಯ ನೋಟು ಸಿಗುವ ಸಂದರ್ಭ ಹೆಚ್ಚು. ಪಂದ್ಯ ನೋಡಲು ಬ್ರಿಜ್‌ಟೌನ್‌ಗೆ ಹೋಗುವವರು ಬ್ಯಾಂಕಿನ ಕೌಂಟರಿನಲ್ಲಿ ಹೊಸ ಐದು ಡಾಲರಿನ ನೋಟು ಕೇಳಿ, ಗಟ್ಟಿ ರಟ್ಟಿನ ನಡುವೆ ಇಟ್ಟು ತನ್ನಿ. ಪರ್ಸಿನಲ್ಲಿ ಮಡಚಿ ತಂದ ಯುಎನ್‌ಸಿ ನೋಟು ಊರು ಸೇರುವಷ್ಟರಲ್ಲಿ ಎಯುಗಿಂತ ಕೆಳಗಿರುತ್ತದೆ.

ಕಾನೂನಿನ ಮಾತು ಚಿಕ್ಕದು. ಭಾರತದಲ್ಲಿ ವಾಸಿಸುವವರು ನಿಯಮಬದ್ಧವಾಗಿ ಬಂದ ವಿದೇಶಿ ನೋಟುಗಳನ್ನು ಒಟ್ಟು 2000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು. ಕೊಂಡ ರಸೀದಿ ಜೋಪಾನ ಮಾಡಿ.

ಹಂತ 7: ಕಾಪಾಡುವುದು

ಇಲ್ಲಿ ಆಗುವ ನಷ್ಟ ಕೊಳ್ಳುವಾಗ ಆಗುವುದಕ್ಕಿಂತ ದೊಡ್ಡದು, ಏಕೆಂದರೆ ಅದು ಸದ್ದಿಲ್ಲದೆ ಆಗುತ್ತದೆ.

ಸ್ಟೇಷನರಿ ಅಂಗಡಿಯ ಮೆತ್ತನೆಯ ಪಿವಿಸಿ ಆಲ್ಬಮ್ ಬೇಡ. ಪಿವಿಸಿಯನ್ನು ಮೆದುವಾಗಿಸಲು ಸೇರಿಸಿದ ರಾಸಾಯನಿಕ ಕಾಲಕ್ರಮೇಣ ಹೊರಸೂಸಿ ನೋಟಿಗೆ ಜಿಗುಟಾಗಿ ಅಂಟುತ್ತದೆ, ಶಾಯಿಯನ್ನು ಎತ್ತಿಕೊಳ್ಳುತ್ತದೆ. ಹೊಸ ಪ್ಲಾಸ್ಟಿಕ್ ಪರದೆಯಂಥ ವಾಸನೆ ಬಂದರೆ ಅದು ಪಿವಿಸಿ ಎಂದು ತಿಳಿಯಿರಿ. ಪಾಲಿಯೆಸ್ಟರ್, ಅಂದರೆ ಮೈಲಾರ್ ಬಗೆಯ ಹೊದಿಕೆ ಕೊಳ್ಳಿ. ಅದಕ್ಕೆ ವಾಸನೆಯಿಲ್ಲ, ಗಟ್ಟಿ, ಬಗ್ಗಿಸಿದರೆ ಚಟಚಟ ಸದ್ದು ಮಾಡುತ್ತದೆ. ನೋಟಿಗಿಂತ ಪ್ರತಿ ಬದಿಗೆ 3–4 ಮಿಲಿಮೀಟರ್ ದೊಡ್ಡದಿರಲಿ, ಅಂದರೆ ಈ ನೋಟಿಗೆ ಸುಮಾರು 158×73. ಬಿಗಿಯಾದ ಹೊದಿಕೆಗೆ ತುರುಕುವಾಗಲೇ ಮೂಲೆ ಮೊಂಡಾಗುತ್ತದೆ. ಲ್ಯಾಮಿನೇಷನ್ ಮಾಡಿದರೆ ನೋಟಿನ ಕಥೆ ಮುಗಿಯಿತು, ಅದನ್ನು ಬಿಡಿಸುವ ದಾರಿಯಿಲ್ಲ.

ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು. ಮಂಗಳೂರು, ಕಾರವಾರ, ಮಡಿಕೇರಿಯ ಮಳೆಗಾಲದಲ್ಲಿ ಇದು ತಾನಾಗಿ ಸಿಗುವುದಿಲ್ಲ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ತೇವ ತೋರಿಸುವ ಸಣ್ಣ ಮಾಪಕ ಇಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೆಗೆದು ಒಣಗಿಸಿ. ತೀರಾ ಒಣಗಿಸುವುದೂ ತಪ್ಪು, 35ಕ್ಕಿಂತ ಕೆಳಗಿಳಿದರೆ ಕಾಗದ ಗರಿಯಂತೆ ಪೆಡಸಾಗುತ್ತದೆ.

ಬೀರುವಿನಲ್ಲಿ ನುಸಿಗುಳಿಗೆ ಹಾಕುವುದು ನಮ್ಮ ಮನೆಗಳ ಹಳೆಯ ರೂಢಿ. ನೋಟಿನ ಡಬ್ಬಿಯ ಹತ್ತಿರ ಬೇಡ. ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಬೆಳ್ಳಿಹುಳದ ಕಾಟಕ್ಕೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯೇ ಮದ್ದು. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಬೇಕೆನ್ನಿಸಿದರೆ ಸ್ಕ್ಯಾನ್ ಮಾಡಿದ ಪ್ರತಿಯನ್ನು ಹಾಕಿ. ಬಿಸಿಲು ಹಸಿರನ್ನು ಮೊದಲು ಮಂಕಾಗಿಸುತ್ತದೆ.

ಪಾಲಿಮರ್ ನೋಟು ನೀರಿಗೆ, ತೇವಕ್ಕೆ ಹೆದರುವುದಿಲ್ಲ, ಆದರೆ ಶಾಖಕ್ಕೆ ಹೆದರುತ್ತದೆ. ಇಸ್ತ್ರಿಪೆಟ್ಟಿಗೆ ತಾಗಿದರೆ ಮುದುಡಿಕೊಂಡು ಚಿಕ್ಕದಾಗುತ್ತದೆ. ಒಮ್ಮೆ ಬಲವಾಗಿ ಮಡಚಿದ ಗೆರೆ ಮತ್ತೆ ಹೋಗುವುದಿಲ್ಲ, ಆ ಗೆರೆಯುದ್ದಕ್ಕೂ ಮೇಲಿನ ಶಾಯಿ ಸವೆಯತೊಡಗುತ್ತದೆ. ಹಲವು ಪಾಲಿಮರ್ ನೋಟುಗಳನ್ನು ಒಂದರ ಮೇಲೊಂದು ಪೇರಿಸಿ ಭಾರ ಇಡಬೇಡಿ, ಒಂದೊಂದಕ್ಕೂ ಬೇರೆ ಹೊದಿಕೆ ಕೊಡಿ.

ಹಂತ 8: ದಾಖಲೆ

ಪ್ರತಿ ನೋಟನ್ನೂ 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ, ಓರೆಬೆಳಕಿನಲ್ಲಿ ಒಂದು ಫೋಟೊ ತೆಗೆದಿಡಿ. ಪುಸ್ತಕದಲ್ಲಿ ಬರೆಯಬೇಕಾದದ್ದು: ಪಿಕ್ ಸಂಖ್ಯೆ, ಗವರ್ನರ್ ಹೆಸರು, ಹಿಂಬದಿ ಚೌಕವೋ ಓವಲ್ಲೋ, ಪೂರ್ತಿ ಕ್ರಮಸಂಖ್ಯೆ, ಅಳತೆ, ನೀವು ಕಟ್ಟಿದ ಗ್ರೇಡ್ ಮತ್ತು ಅದಕ್ಕೆ ಕಾರಣ, ಕೊಂಡ ದಿನ, ಕೊಟ್ಟ ಬೆಲೆ. ಗ್ರೇಡಿನ ಕಾರಣವನ್ನು ‘ಎಯು’ ಎಂದಷ್ಟೇ ಬರೆಯದೆ ‘ಬಲ ಮೇಲ್ಮೂಲೆಯಲ್ಲಿ ಎಣಿಕೆಯ ಬಾಗು, 12 ಮಿಲಿಮೀಟರ್’ ಎಂದು ಬರೆಯಿರಿ. ಐದು ವರ್ಷದ ನಂತರ ಹೊಸ ಬಾಗು ಬಿದ್ದಿದೆಯೋ, ಮೊದಲೇ ಇತ್ತೋ ಎಂದು ಹೇಳುವುದು ಆ ಒಂದು ಸಾಲು.

ಆಲ್ಬಮ್ಮಿನಲ್ಲಿ ನೋಟುಗಳನ್ನು ಸಹಿಯ ಕ್ರಮದಲ್ಲಿ ಜೋಡಿಸಿ, ಒಂದು ಬಿಟ್ಟು ಒಂದನ್ನು ಹಿಂಬದಿ ಕಾಣುವಂತೆ ಇಡಿ. ಇನ್ನೂ ಸಿಗದ ಸಹಿಗೆ ಖಾಲಿ ಹೊದಿಕೆ ಬಿಟ್ಟು ಗವರ್ನರ್ ಹೆಸರಿನ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಹಾಕಿ. ಮುಂದಿನ ಮೇಳದಲ್ಲಿ ಹುಡುಕಬೇಕಾದ್ದು ಯಾವುದೆಂದು ಆ ಖಾಲಿ ಜಾಗವೇ ಹೇಳುತ್ತದೆ.